ಮರೆಯ ಹಿಂದೆ ಬಿದ್ದ ಹದಿನೆಂಟು

ಆ ಭಾನುವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರುಮನೆಯ ಗೇಟು ಕಿರುಗುಟ್ಟಿದ್ದು ಕೇಳಿಸುತ್ತಿತ್ತೇ ಹೊರತು ಗೇಟು ಕಾಣಿಸುತ್ತಿರಲಿಲ್ಲ. ಹತ್ತು ಗಂಟೆಯಾದರೂ ದೀಪ ಹಾಕದೆ ಗತಿಯಿರಲಿಲ್ಲ. ಮೇಜಿನ ಮೇಲೆ ಇಳಿಬಿಟ್ಟ ಬಲ್ಬಿನಡಿ ಅಪ್ಪ ರಟ್ಟಿನ ಮರೆ ನಿಲ್ಲಿಸಿ, ಅದರ ಹಿಂದೆ ತನ್ನ ನಕ್ಷೆ ಹರಡಿಕೊಂಡು ಕೂತ.

ಅವನ ಕಸುಬು ಕಟ್ಟುಹಲ್ಲು ಮಾಡುವುದು. ವಾರವೆಲ್ಲ ಊರವರ ಬಾಯಿಯ ಅಚ್ಚುಗಳ ಮುಂದೆ ಕೂರುವವನು, ಉಳಿದ ಪ್ಲಾಸ್ಟರಿನಲ್ಲಿ ಹೆಬ್ಬೆರಳುದ್ದದ ಗೊಂಬೆಗಳನ್ನು ಎರಕ ಹೊಯ್ದು ತರುತ್ತಿದ್ದ. ಭಾನುವಾರ ಆ ಗೊಂಬೆಗಳಿಗೆ ಜೀವ ಬರುತ್ತಿತ್ತು. ಕತೆ ನಡೆಸುವವನು ಅಪ್ಪ. ಆಡುವವರು ಹತ್ತು ವರ್ಷದ ಮಗಳು ಚೂಟಿ ಮತ್ತು ಅಪ್ಪನ ತಂಗಿಯ ಮಗ ಡೊಳ್ಳ. ಯಾರ ಗೊಂಬೆ ಗೆಲ್ಲುತ್ತದೆ, ಯಾವುದು ಸಾಯುತ್ತದೆ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತಿತ್ತು. ಅಪ್ಪ ದಾಳ ಹಾಕುವುದು ಮರೆಯ ಹಿಂದೆ. ಅವನು ಹೇಳಿದ ಅಂಕಿಯೇ ಅಂಕಿ.

ಆ ಮನೆಯ ಆಟಕ್ಕೆ ಎರಡು ಕಟ್ಟುಪಾಡುಗಳಿದ್ದವು, ಎರಡೂ ಅಪ್ಪನವೇ. ಸತ್ತ ಗೊಂಬೆಯನ್ನು ಅದರ ಒಡೆಯರೇ ಸುತ್ತಿಗೆಯಿಂದ ಒಡೆಯಬೇಕು. ಕೊಂದ ದಾಳ ಆಮೇಲೆ ಅವರದಾಗಬೇಕು. "ಸಾವು ಅಂದ್ರೆ ತಮಾಷೆ ಅಲ್ಲ ಅಂತ ಮಕ್ಕಳಿಗೆ ಗೊತ್ತಾಗ್ಲಿ," ಎನ್ನುತ್ತಿದ್ದ. ದೇವರಿಗೆ ಹೆದರುವ ಮನುಷ್ಯ; ಕಣ್ಣುಮುಚ್ಚಿ ಒಂದು ಗಳಿಗೆ ಕೈಮುಗಿಯದೆ ಕೆಲಸದ ಸುತ್ತಿಗೆ ಮುಟ್ಟಿದವನಲ್ಲ. ಸುಳ್ಳು ಹೇಳುವುದು ಅವನಿಗೆ ಒಗ್ಗುತ್ತಿರಲಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಅವನೂ ಹಾಗೇ ತಿಳಿದಿದ್ದ.

ಚೂಟಿಯ ಗೊಂಬೆ ಒಬ್ಬ ವೈದ್ಯೆ. ಎರಡು ತಿಂಗಳು ಕೂತು ಮೂರೇ ಕೂದಲಿನ ಕುಂಚದಲ್ಲಿ ಬಣ್ಣ ಹಚ್ಚಿದ್ದಳು. ಕೈಚೀಲಕ್ಕೆ ಗುಂಡಿ, ಗುಂಡಿಗೆ ದಾರ, ಬಲಗಣ್ಣಿನ ಕೆಳಗೆ ತನಗಿರುವಂಥದೇ ಒಂದು ಮಚ್ಚೆ. ರಾತ್ರಿ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಿದ್ದಳು.

"ಗವಿಯ ಬಾಗಿಲಲ್ಲಿ ಹೆಬ್ಬಾವು," ಅಪ್ಪ ದನಿ ಇಳಿಸಿದ. "ಬಾಯಿ ತೆರೆದು ಬುಸುಗುಡ್ತಾ ಇದೆ. ಏನ್ ಮಾಡ್ತೀರಿ?"

"ಓಡ್ತೀನಿ," ಎಂದ ಡೊಳ್ಳ.

"ನಿಂಗೆ ಓಡೋಕಾಗುತ್ತೇನೋ?" ಚೂಟಿ ನಕ್ಕಳು. ಆಮೇಲೆ ಮುಂದಕ್ಕೆ ಬಾಗಿ ಕೇಳಿದಳು: "ಅಪ್ಪ, ಅದು ಬಾಯಿ ಯಾಕೆ ತೆರ್ಕೊಂಡೇ ಇದೆ? ಹಲ್ಲುನೋವಾ?"

ಅಪ್ಪ ತಬ್ಬಿಬ್ಬಾದ. ನಕ್ಷೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಇರಬಹುದು," ಎಂದುಬಿಟ್ಟ.

"ಹಾಗಾದ್ರೆ ನನ್ನ ವೈದ್ಯೆ ಕೀಳ್ತಾಳೆ. ನೋವು ಹೋದ್ರೆ ಅದೇ ನಮ್ಮನ್ನ ಬೆನ್ನ ಮೇಲೆ ಕೂರಿಸ್ಕೊಂಡು ಗವಿ ದಾಟಿಸುತ್ತೆ."

ಡೊಳ್ಳ ಮೇಜು ಕುಟ್ಟಿ ಕುಟ್ಟಿ ನಕ್ಕ. "ಮಾವ, ಮೂರು ವಾರ ಬರೆದ್ರಲ್ಲ ಗವಿ, ಮೂರು ನಿಮಿಷಕ್ಕೆ ಖಲಾಸ್!"

ಒಳಗಿಂದ ಅಮ್ಮನೂ ದನಿಗೂಡಿಸಿದಳು: "ಅಪ್ಪನ ಕಸುಬಲ್ಲೇ ಅಪ್ಪನ್ನ ಕೆಡವಿದ್ಳಲ್ಲೇ ನನ್ನ ಮಗಳು!"

ಅಪ್ಪನೂ ನಕ್ಕ. ಆದರೆ ಕಿವಿ ಬಿಸಿಯಾಗಿತ್ತು. ಏಳು ಕೋಣೆ, ಎರಡು ಸುರಂಗ, ಒಂದು ತೂಗುಸೇತುವೆ. ಎಲ್ಲ ಕೆಲಸದ ಮೇಜಿನ ಮೇಲೆ, ಊಟದ ಬಿಡುವಿನಲ್ಲಿ ಬರೆದದ್ದು. "ದಾಳ ಕೇಳೋಣ. ಹತ್ತು ದಾಟಿದ್ರೆ ಕಚ್ಚುತ್ತೆ," ಎಂದು ಎಸೆದ.

ನಾಲ್ಕು ಬಿದ್ದಿತ್ತು.

"ಹದಿನೆಂಟು," ಎಂದ ಅಪ್ಪ. "ಕಚ್ಚಿತು. ವೈದ್ಯೆ ಸತ್ತಳು."

ಚೂಟಿ ತಲೆಯೆತ್ತಿದಳು. ಅವನ ಮುಖ ನೋಡಿದಳು, ಆಮೇಲೆ ಅವನ ಹೆಗಲಾಚೆ ಎಲ್ಲೋ ನೋಡಿದಳು.

"ನಿಜವಾಗ್ಲೂ ಹದಿನೆಂಟಾ ಅಪ್ಪ?"

"ದಾಳಕ್ಕೇನು ನಿನ್ನ ಮೇಲೆ ಹಗೆಯಾ?"

ಸುತ್ತಿಗೆಯ ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಮುಂದೆ ಸರಿಸಿದ. ಅಲ್ಲಿಗೇ ಬಿಡಬಹುದಿತ್ತು, ಇನ್ನೊಂದು ಸಲ ಎಸೆಯೋಣ ಎನ್ನಬಹುದಿತ್ತು. ಮಗು ಅತ್ತಿದ್ದರೆ ಬಿಟ್ಟೂಬಿಡುತ್ತಿದ್ದನೇನೋ. ಅವಳು ಅಳಲಿಲ್ಲ. ಮೊದಲ ಏಟಿಗೆ ಕೈಚೀಲ ಮಾತ್ರ ಹಾರಿತು. ಎರಡನೆಯದಕ್ಕೆ ತಲೆ ಹೋಯಿತು.

"ಪೂರ್ತಿ," ಎಂದ ಅಪ್ಪ.

ಪೂರ್ತಿ ಪುಡಿ ಮಾಡಿದಳು. ಅಪ್ಪ ದಾಳವನ್ನು ಅವಳ ಅಂಗೈಯಲ್ಲಿಟ್ಟ. ಅವಳು ಮುಷ್ಟಿ ಮುಚ್ಚಿಕೊಂಡು ಎದ್ದುಹೋದಳು. ಊಟಕ್ಕೆ ಕೂತಾಗಲೂ ಆ ಮುಷ್ಟಿ ಮುಚ್ಚಿಯೇ ಇತ್ತು. "ಗಟ್ಟಿಯಾಗ್ಲಿ ಬಿಡು," ಎಂದು ಅಪ್ಪ ಹೆಂಡತಿಗೆ ಹೇಳಿದ. ಮಾತು ತನಗೇ ಚೆನ್ನಾಗಿ ಕೇಳಿಸಿತು.

ಮೂರು ಭಾನುವಾರ ಚೂಟಿ ಮೇಜಿನ ಹತ್ತಿರ ಸುಳಿಯಲಿಲ್ಲ. ಅಪ್ಪ ಹೊಸ ವೈದ್ಯೆಯನ್ನು ಎರಕ ಹೊಯ್ದು ತಂದುಕೊಟ್ಟ; ಅದು ಬಣ್ಣ ಕಾಣದೆ ಕಿಟಕಿಯ ಮೇಲೆ ಧೂಳು ತಿನ್ನುತ್ತ ನಿಂತಿತು. ನಾಲ್ಕನೆಯ ಭಾನುವಾರ ಮೋಡ ಕವಿದು ಮನೆಯೊಳಗೆ ಮತ್ತೆ ದೀಪ ಹಾಕಿದಾಗ, ಅವಳೇ ಬಂದು ರಟ್ಟಿನ ಮರೆ ನಿಲ್ಲಿಸಿದಳು.

"ಇವತ್ತು ನಾನು ನಡೆಸ್ತೀನಿ. ನೀನು ನನ್ನ ಜಾಗದಲ್ಲಿ ಕೂತ್ಕೋ ಅಪ್ಪ. ನಿನ್ನ ಸಿಪಾಯಿನ ತಗೊಂಡ್ ಬಾ."

ಅಪ್ಪನ ಜೀವ ಹಗುರಾಯಿತು. ಆ ಸಿಪಾಯಿ ಅವನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಗುರು ಬಿಸಾಡಿದ ಪ್ಲಾಸ್ಟರಿನಲ್ಲಿ ಮಾಡಿದ ಮೊಟ್ಟಮೊದಲ ಗೊಂಬೆ. ಇಪ್ಪತ್ತೆರಡು ವರ್ಷ, ಮೂರು ಬಾಡಿಗೆಮನೆ, ಒಂದು ಚೂರೂ ಮುಕ್ಕಾಗಿರಲಿಲ್ಲ. ಹತ್ತಿಯಲ್ಲಿ ಸುತ್ತಿಟ್ಟದ್ದನ್ನು ಬಿಚ್ಚಿ ತಂದ.

ಚೂಟಿ ಚೆನ್ನಾಗಿ ಕತೆ ನಡೆಸಿದಳು. ಹೊಳೆ ಬಂತು, ದೋಣಿ ಬಂತು. ಡೊಳ್ಳ ದೋಣಿ ಮುಳುಗಿಸಿದ. ಅಪ್ಪ ಹೊಟ್ಟೆ ಹಿಡಿದು ನಕ್ಕ. ಸಿಪಾಯಿ ಸೇತುವೆ ಹತ್ತಿದ.

"ಸೇತುವೆ ಹಳೇದು," ಎಂದಳು. "ಹತ್ತು ದಾಟಿದ್ರೆ ಮುರಿಯುತ್ತೆ." ಹಳೆಯ ದಾಳವನ್ನೇ ಮರೆಯ ಹಿಂದೆ ಎಸೆದಳು.

ಆಗ ಅಪ್ಪನಿಗೆ ಕಂಡಿತು. ಕತೆ ನಡೆಸುವವರ ಕುರ್ಚಿಯ ಹಿಂದೆ ಪುಸ್ತಕದ ಕಪಾಟಿತ್ತು. ಮೇಲಿನ ಕೀಲು ಸಡಿಲವಾಗಿ ಅದರ ಗಾಜಿನ ಬಾಗಿಲು ಮುಂದಕ್ಕೆ ವಾಲಿತ್ತು. ಬಿಗಿಮಾಡಿ ಎಂದು ಅಮ್ಮ ಹೇಳುತ್ತಲೇ ಇದ್ದಳು. ಬಿಸಿಲಿದ್ದಾಗ ಅದು ಬರೀ ಗಾಜು. ಹೊರಗೆ ಮಬ್ಬಾಗಿ, ಒಳಗೆ ದೀಪ ಉರಿದರೆ ಕನ್ನಡಿ. ಇಷ್ಟು ವರ್ಷ ಅದಕ್ಕೆ ಬೆನ್ನು ಕೊಟ್ಟೇ ಕೂತಿದ್ದ ಅವನು. ಮರೆಯ ಹಿಂದಿನ ನಕ್ಷೆ, ಮಗಳ ಪುಟ್ಟ ಕೈ, ದಾಳ, ಎಲ್ಲವೂ ಅದರೊಳಗೆ ಸ್ಪಷ್ಟವಾಗಿ ಕೂತಿದ್ದವು.

ದಾಳದ ನೆತ್ತಿಯ ಮೇಲೆ, ಎಡಬಲ ತಿರುಗಿಕೊಂಡು, ನಾಲ್ಕು.

"ಹದಿನೆಂಟು," ಎಂದಳು ಚೂಟಿ.

"ಅಯ್ಯೋ ಮಾವಾ!" ಎಂದ ಡೊಳ್ಳ.

ಅಪ್ಪನ ಬಾಯಿ ತೆರೆಯಿತು. ಸುಳ್ಳು ಎನ್ನಬಹುದಿತ್ತು. ಎಲ್ಲಿ ನೋಡಿದೆ ಎಂದು ಅವಳು ಕೇಳುತ್ತಾಳೆ. ಗಾಜಿನಲ್ಲಿ ಎಂದರೆ, ನಾನೂ ಅಲ್ಲೇ ನೋಡಿದ್ದು ಎನ್ನುತ್ತಾಳೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಅವನು ಬಾಯಿ ಮುಚ್ಚಿದ.

ಮಗಳು ಕಾದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಚ್ಚು ಗಟ್ಟಿಯಾಗಲೆಂದು ಕೂತಿರುವ ಕೆಲಸಗಾರನ ತಾಳ್ಮೆಯಿತ್ತು. ಆಮೇಲೆ ಸುತ್ತಿಗೆಯನ್ನು, ಹಿಡಿಯನ್ನು ಅವನ ಕಡೆಗೆ ತಿರುಗಿಸಿ, ಸರಿಸಿದಳು.

ಅಪ್ಪ ಕಣ್ಣುಮುಚ್ಚಿ, ಅಭ್ಯಾಸಬಲದಿಂದ, ಒಂದು ಗಳಿಗೆ ಕೈಮುಗಿದ. ಏನು ಬೇಡಿಕೊಳ್ಳಬೇಕೆಂದು ಹೊಳೆಯಲಿಲ್ಲ. ಹೊಡೆದ. ಹಳೆಯ ಪ್ಲಾಸ್ಟರು ಒಂದೇ ಏಟಿಗೆ ಎರಡಾಯಿತು.

"ಪೂರ್ತಿ," ಎಂದಳು ಚೂಟಿ.

ಪೂರ್ತಿ ಪುಡಿಯಾದ ಮೇಲೆ ಅವಳು ಎದ್ದು, ಮೇಜು ಬಳಸಿ ಬಂದು, ಅವನ ಬೆರಳುಗಳನ್ನು ಮೆಲ್ಲನೆ ಬಿಡಿಸಿದಳು. ಬಿಳಿ ಹುಡಿ ಮೆತ್ತಿದ ಅಂಗೈ ಮೇಲೆ ದಾಳವನ್ನಿಟ್ಟು, ನಾಲ್ಕು ಮೇಲೆ ಬರುವಂತೆ ಒಂಚೂರು ತಿರುಗಿಸಿದಳು.