ಲಕೋಟೆಯ ಒಳಪದರ

ಇರ್ಮಾ ಸೊರೆನ್ಸನ್ ಅರ್ಧ ಆಯುಷ್ಯವನ್ನು ಎಲ್ಕ್ ಬೆಂಡ್ ಊರಿನ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಕಳೆದವಳು. ಯಾವ ನೋಟು ಬಂದರೂ ಬೆಳಕಿಗೆ ಹಿಡಿದು ನೋಡದೆ ಒಳಗೆ ಹಾಕಿದವಳಲ್ಲ. ಪಾದ್ರಿ ಕೊಟ್ಟ ನೋಟನ್ನೂ ಹಾಗೆ ಹಿಡಿದು ನೋಡಿದ್ದಳು. ಪಾದ್ರಿ ಬೇಜಾರು ಮಾಡಿಕೊಂಡ, ಆಮೇಲೆ ನಕ್ಕ. ಕೆಲಸ ಬಿಟ್ಟ ಮೇಲೂ ಆ ಚಟ ಬಿಡಲಿಲ್ಲ. ಈಗ ನೋಟುಗಳ ಜಾಗದಲ್ಲಿ ಲಕೋಟೆಗಳು ಬಂದಿದ್ದವು, ಅಷ್ಟೇ.

ಅವಳಿಗೆ ದೇಶದ ಉದ್ದಗಲಕ್ಕೂ ಪತ್ರಮಿತ್ರರು. ಕೆಲವರು ಬರೀ ಪೋಸ್ಟ್ ಕಾರ್ಡಿನವರು, ಕೆಲವರು ಉದ್ದ ಕಾಗದದವರು. ಎಲ್ಲರೂ ಲಕೋಟೆಯನ್ನು ತಾವೇ ಮಾಡುವವರು. ಬೀಜದ ಕಂಪನಿಯ ಪುಸ್ತಕ, ಹರಿದ ಭೂಪಟ, ಓಟ್ಸ್ ಡಬ್ಬಿಯ ರಟ್ಟು, ಸ್ವೆಟರ್ ಹೆಣೆಯುವ ನಕ್ಷೆ, ಯಾವುದೂ ಅವರ ಕತ್ತರಿಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ತಮ್ಮಲ್ಲಿ ಮಿಕ್ಕಿದ ಚೂರುಪಾರುಗಳನ್ನು ದಪ್ಪ ಕವರಿಗೆ ತುಂಬಿ ಒಬ್ಬರು ಇನ್ನೊಬ್ಬರಿಗೆ ಕಳಿಸುವರು. ಬಂದವರು ಬೇಕಾದ್ದು ತೆಗೆದುಕೊಂಡು, ತಮ್ಮದಷ್ಟು ಸೇರಿಸಿ, ಮುಂದಿನವರಿಗೆ ದಾಟಿಸಬೇಕು. ಅದಕ್ಕೆ ಸುತ್ತುಕಟ್ಟು ಎಂದು ಹೆಸರು. ಇರ್ಮಾ ಅಂಥವನ್ನು ಎಷ್ಟು ಕಳಿಸಿದ್ದಳೋ ಅವಳಿಗೇ ನೆನಪಿಲ್ಲ.

ಎಲ್ಲರಿಗಿಂತ ಹತ್ತಿರದವಳು ಆರೆಗಾನ್ ಕಡಲತೀರದ ಡೆಲ್ಫೀನ್. ಒಂಬತ್ತು ವರ್ಷದ ಕಾಗದ ಇರ್ಮಾಳ ಮಲಗುವ ಕೋಣೆಯ ಬೂಟಿನ ಪೆಟ್ಟಿಗೆಗಳಲ್ಲಿತ್ತು. ಡೆಲ್ಫೀನಳ ಲಕೋಟೆ ಬಂದ ದಿನ ಇರ್ಮಾ ಅದನ್ನು ಕೂಡಲೇ ಒಡೆಯುತ್ತಿರಲಿಲ್ಲ. ಪಾತ್ರೆ ತೊಳೆದು, ಕೈ ಒರೆಸಿ, ಕಾಫಿ ಬಗ್ಗಿಸಿಕೊಂಡು, ಮೊದಲು ಹೊರಗಿನ ಚಿತ್ತಾರ, ಆಮೇಲೆ ಅಂಚೆಚೀಟಿ, ಕೊನೆಗೆ ಕಾಗದ. ಗಂಡ ವೆಂಡೆಲ್ ಅದನ್ನು ನೋಡಿ, "ನನ್ನ ಮುಖಾನ ಒಂದು ದಿನಾನೂ ಹಿಂಗೆ ನೋಡಿಲ್ಲ ನೀನು," ಎಂದು ರೇಗಿಸುತ್ತಿದ್ದ.

"ನಿನ್ನ ಮುಖಕ್ಕೆ ಯಾರೂ ಅಂಚೆಚೀಟಿ ಹಚ್ಚಿಲ್ಲವಲ್ಲ," ಎನ್ನುತ್ತಿದ್ದಳು ಇರ್ಮಾ.

ಮೇ ತಿಂಗಳ ಒಂದು ಬುಧವಾರ ಬಂದ ಕಾಗದದಲ್ಲಿ ಡೆಲ್ಫೀನ್ ಬರೆದಿದ್ದಳು: 'ನಾನು ಬರುತ್ತಿದ್ದೇನೆ. ಈ ಸೋಮವಾರ ಮನೆ ಬಿಡುತ್ತೇನೆ. ದಾರಿಯಲ್ಲಿ ಮೊಂಟಾನಾದ ಅಕ್ಕನ ಮಗಳ ಮನೆಯಲ್ಲಿ ಇಳಿದು, ಮುಂದಿನ ಶನಿವಾರ ನಿನ್ನ ಊರಿನ ರೈಲುನಿಲ್ದಾಣ. ನಾಲ್ಕು ದಿನ ನಿನ್ನ ಮನೆಯಲ್ಲಿ. ಬೇಡ ಅನ್ನಿಸಿದರೆ ಸಂಕೋಚ ಬಿಟ್ಟು ಬರೆ.'

ಇರ್ಮಾಳ ಎದೆ ಕುಣಿಯಿತು. ಮರುಗಳಿಗೆಯಲ್ಲೇ ಒಂದು ಅನುಮಾನವೂ ಹೊಕ್ಕಿತು. ಒಂಬತ್ತು ವರ್ಷದಲ್ಲಿ ಡೆಲ್ಫೀನ್ ತನ್ನ ಒಂದೂ ಫೋಟೋ ಕಳಿಸಿರಲಿಲ್ಲ. ಮನೆ, ಬೆಕ್ಕು, ತನ್ನ ಮೂಗು ಎಲ್ಲದರ ಚಿತ್ರವನ್ನೂ ಪೆನ್ಸಿಲ್ಲಿನಲ್ಲಿ ಬರೆದು ಕಳಿಸುವಳು. ಫೋನ್ ನಂಬರ್ ಕೇಳಿದ್ದಕ್ಕೆ, 'ಮಾತಾಡಲು ಶುರು ಮಾಡಿದರೆ ಬರೆಯುವುದು ಸಾಯುತ್ತದೆ,' ಎಂದಿದ್ದಳು. ಆಗ ಆ ಮಾತು ಇರ್ಮಾಳಿಗೆ ಹಿಡಿಸಿತ್ತು. ಈಗ ಅದೇ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು.

ಅವಳು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಹೊರಗಡೆ ಸಮುದ್ರದ ಭೂಪಟ. ಅದರ ಒಳಗೆ ಇನ್ನೊಂದು ಕಾಗದ ಅಂಟಿತ್ತು. ಅದರಲ್ಲಿ ಏನೋ ಚೌಕಚೌಕವಾಗಿ ಗೆರೆಗಳು. ಇರ್ಮಾ ನೀರು ಕುದಿಸಿ ಹಬೆಗೆ ಹಿಡಿದಳು. ಮೇಲಿನ ಅಂಚು ಮಾತ್ರ ಬಿಟ್ಟುಕೊಂಡಿತು. ಅದು ಕ್ಯಾಲೆಂಡರಿನ ಹಾಳೆ. ಅಲ್ಲಿ ಕೆಂಪು ಅಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: 'ಗ್ರಿಮ್ ಹಾರ್ಡ್‌ವೇರ್, ಎಲ್ಕ್ ಬೆಂಡ್.'

ಇರ್ಮಾ ಒಲೆ ಆರಿಸಿ ಕುರ್ಚಿಯಲ್ಲಿ ಕೂತಳು. ಗ್ರಿಮ್ ಅಂಗಡಿ ಇದ್ದದ್ದು ಇದೇ ಬೀದಿಯ ತುದಿಯಲ್ಲಿ. ಮುಚ್ಚಿ ವರ್ಷಗಳೇ ಆದವು. ಅದರ ಕ್ಯಾಲೆಂಡರು ಸಿಗುತ್ತಿದ್ದದ್ದು ಊರಿನ ಗಿರಾಕಿಗಳಿಗೆ ಮಾತ್ರ, ಅದೂ ಮುದುಕ ಗ್ರಿಮ್‌ನಿಗೆ ಮನಸ್ಸು ಬಂದರೆ. ಎರಡು ಸಾವಿರ ಮೈಲಿ ಆಚೆಯ ಕಡಲ ದಂಡೆಯವಳ ಕೈಗೆ ಅದು ಹೇಗೆ ಹೋಯಿತು?

ಸಂಜೆ ವೆಂಡೆಲ್ ಬಂದಾಗ ಲಕೋಟೆಯನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ಇವಳು ಇಲ್ಲಿಗೆ ಬಂದು ಹೋಗಿದಾಳೆ ವೆಂಡೆಲ್. ನಮ್ಮನ್ನೆಲ್ಲ ನೋಡ್ಕೊಂಡು ಹೋಗಿದಾಳೆ."

"ಬಂದು?"

"ಬಂದು ಏನೋ ಮಾಡಿದಾಳೆ."

"ಏನು ಮಾಡಿದ್ಲು, ಹಳೇ ಕ್ಯಾಲೆಂಡರ್ ಕದ್ಲಾ? ಗ್ಯಾರೇಜಲ್ಲಿ ನನ್ನ ಹೊಸಾ ಗರಗಸ ಇತ್ತಲ್ಲ, ಅದನ್ನ ಬಿಟ್ಟು?"

"ನಿನಗೆ ಎಲ್ಲಾ ತಮಾಷೆ. ಆರೆಗಾನಲ್ಲಿ ಇದೀನಿ ಅನ್ನೋದು, ಇಲ್ಲೇ ಎಲ್ಲೋ ಪಕ್ಕದ ಊರಲ್ಲಿ ಕೂತಿರೋದು. ಯಾರಿಗ್ಗೊತ್ತು? ಹೆಂಗಸೋ ಗಂಡಸೋ ಅಂತ್ಲೂ ಗೊತ್ತಿಲ್ಲ."

"ಲಕೋಟೆ ಮೇಲೆ ಆರೆಗಾನ್ ಮುದ್ರೆ ಇದೆಯಲ್ಲೇ."

"ಮುದ್ರೆ ತರಿಸ್ಕೋಬಹುದು. ಒಂದು ಕವರಲ್ಲಿ ಇನ್ನೊಂದು ಕವರ್ ಇಟ್ಟು ಬೇಕಾದ ಊರಿನ ಪೋಸ್ಟಾಫೀಸಿಗೆ ಕಳಿಸಿದ್ರೆ ಅಲ್ಲಿನವರೇ ಒತ್ತಿ ಮುಂದಕ್ಕೆ ಹಾಕ್ತಾರೆ. ಪ್ರೇಮಿಗಳ ದಿನದ ಕಾರ್ಡಿಗೆ ನಾನೇ ಹಂಗೆ ಮುದ್ರೆ ಒತ್ತಿಸಿಲ್ವಾ?"

ವೆಂಡೆಲ್ ತಟ್ಟೆಗೆ ಇನ್ನಷ್ಟು ಆಲೂಗೆಡ್ಡೆ ಹಾಕಿಕೊಂಡ. "ಒಂಬತ್ತು ವರ್ಷ ನಿಂಗೆ ಬರೆದವಳು ಕಣೇ. ನಿನ್ನಿಂದ ಏನು ಹೊಡ್ಕೊಂಡಿದಾಳೆ ಹೇಳು. ಒಂದಿಷ್ಟು ಬಟನ್ನು, ಒಣಗಿದ ಹೂವು."

"ಅದೇ ನನಗೂ ಭಯ. ಏನೂ ಕೇಳದೇ ಇರೋವ್ರು ಒಂದೇ ಸಲ ಕೇಳ್ತಾರೆ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಬೂಟಿನ ಪೆಟ್ಟಿಗೆಯ ಒಂದೊಂದು ಕಾಗದವೂ ಈಗ ಬೇರೆ ಥರ ಓದಿಸಿಕೊಂಡಿತು. 'ನಿನ್ನ ಲೈಲಾಕ್ ಹೂವು ಈಗ ಬಿರಿದಿರಬೇಕು.' ಅವಳಿಗೆ ಹೇಗೆ ಗೊತ್ತು? 'ವೆಂಡೆಲ್ ಭಾನುವಾರ ತಡವಾಗಿ ಏಳುತ್ತಾನೆ ಅಲ್ಲವೇ?' ಅದನ್ನು ಕೇಳುವುದೇಕೆ? ತಾನೇ ಬರೆದು ತಿಳಿಸಿದ್ದು ಎನ್ನುವುದು ನೆನಪಿಗೆ ಬಂದರೂ, ನೆನಪು ಸಂಶಯದ ಎದುರು ಗಟ್ಟಿಯಾಗಿ ನಿಲ್ಲಲಿಲ್ಲ.

ಬೆಳಿಗ್ಗೆ ಎದ್ದವಳೇ ಡ್ರಾಯರಿನಿಂದ ಒಂದು ಪೋಸ್ಟ್ ಕಾರ್ಡ್ ತೆಗೆದಳು. ಯಾವುದೋ ಮೋಟೆಲ್‌ನವರು ಪುಕ್ಕಟೆ ಕೊಟ್ಟದ್ದು, ಮುಂದುಗಡೆ ನೀಲಿ ಈಜುಕೊಳ. ಕತ್ತರಿ ಮುಟ್ಟಲಿಲ್ಲ, ಬಣ್ಣ ಮುಟ್ಟಲಿಲ್ಲ. ಹೀಗೆ ಬರೆದಳು: 'ಬರಬೇಡ. ನನ್ನ ಊರಿನ ಅಂಗಡಿಯ ಕ್ಯಾಲೆಂಡರು ನಿನಗೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ನೀನು ಯಾರೋ ಅದೂ ಗೊತ್ತಿಲ್ಲ. ಇನ್ನು ಬರೆಯುವುದೂ ಬೇಡ. ಇ. ಸೊರೆನ್ಸನ್.' ಅಂಗಳದ ತುದಿಯ ಅಂಚೆಪೆಟ್ಟಿಗೆಯಲ್ಲಿ ಅದನ್ನಿಟ್ಟು, ಹೊರಹೋಗುವ ಕಾಗದವಿದೆ ಎಂದು ತೋರಿಸುವ ಕೆಂಪು ಬಾವುಟ ಎತ್ತಿ ಬಂದಳು. ಸೋಮವಾರದೊಳಗೆ ತಲುಪಿದರೆ ತಲುಪೀತು.

ಒಳಗೆ ಬಂದರೆ ವೆಂಡೆಲ್ ಬಟ್ಟೆಯಿಂದ ಮೇಜು ಒರೆಸುತ್ತಿದ್ದ. ಕಾಫಿ ಚೆಲ್ಲಿ ಲಕೋಟೆಯೆಲ್ಲ ತೊಯ್ದಿತ್ತು.

"ನನ್ನ ಸಾಕ್ಷಿ ಕಣೋ ಅದು!" ಇರ್ಮಾ ಕಿತ್ತುಕೊಂಡಳು. ನೆನೆದ ಒಳಪದರ ಅವಳ ಬೆರಳಿಗೆ ಸಲೀಸಾಗಿ ಸುಲಿದುಬಂತು. ಅದು ಕ್ಯಾಲೆಂಡರಿನ ಫೆಬ್ರುವರಿ ತಿಂಗಳು. ಶನಿವಾರದ ಮನೆಗಳಲ್ಲಿ ಪೆನ್ಸಿಲ್ಲಿನಿಂದ ಬರೆದ ಅಂಕಿಗಳು. ೨೧೯. ೨೨೧. ೨೨೪. ಕೊನೆಯ ಶನಿವಾರ ಖಾಲಿ.

"ಇದೇನಿದು, ಗುಪ್ತ ಲಿಪಿ?" ಇರ್ಮಾಳ ದನಿ ಇಳಿಯಿತು. "ಏನಾದ್ರೂ ಬೀಗದ ನಂಬರೋ?"

ವೆಂಡೆಲ್ ಕನ್ನಡಕ ಮೂಗಿಗೇರಿಸಿ ಬಗ್ಗಿದ. ತುಂಬಾ ಹೊತ್ತು ನೋಡಿದ. ಅವನ ಕಿವಿ ಕೆಂಪಾಯಿತು.

"ನನ್ನ ತೂಕ ಕಣೇ, ಪೌಂಡಲ್ಲಿ."

"ಏನು?"

"ಡಾಕ್ಟ್ರು ಪ್ರತಿ ಶನಿವಾರ ತೂಕ ಬರೆದಿಡು ಅಂದಿದ್ರಲ್ಲ ಆ ವರ್ಷ. ನೋಡು, ನನ್ನದೇ ಒಂಬತ್ತು, ಬಾಲ ಎಡಕ್ಕೆ. ಜಾಸ್ತಿಯಾಗ್ತಾ ಹೋಯ್ತು ಅಂತ ಬಿಟ್ಟುಬಿಟ್ಟೆ. ನಮ್ಮ ಅಡುಗೆಮನೆ ಕ್ಯಾಲೆಂಡರ್ ಇದು."

ಇರ್ಮಾಳಿಗೆ, ಕಳ್ಳರು ಮನೆಯೊಳಗೇ ಬಂದಿದ್ದರೇ ಎಂಬ ಯೋಚನೆ ಒಂದು ಕ್ಷಣ ಮೂಡಿತು. ಮರುಕ್ಷಣ ಅವಳ ಕಣ್ಣಿಗೆ ತನ್ನದೇ ಕೈ ಕಂಡಿತು: ಹೊಸವರ್ಷದ ಮರುದಿನ ಹಳೆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ತಿಂಗಳು ತಿಂಗಳಾಗಿ ಕತ್ತರಿಸಿ, ಅರಿಜೋನಾದ ಬರ್ನೀಸಳಿಗೆ ಹೊರಟ ಸುತ್ತುಕಟ್ಟಿಗೆ ತುರುಕುತ್ತಿರುವ ಕೈ. ಬರ್ನೀಸಳಿಂದ ಇನ್ನೊಬ್ಬಳಿಗೆ, ಅವಳಿಂದ ಮತ್ತೊಬ್ಬಳಿಗೆ.

ಅವಳು ಅಂಗಳಕ್ಕೆ ಓಡಿದಳು. ಬಾವುಟ ಇಳಿದಿತ್ತು. ಟಪಾಲಿನ ಜೀಪು ಚರ್ಚಿನ ತಿರುವಿನಲ್ಲಿ ಮರೆಯಾಗುತ್ತಿತ್ತು.

"ಅದು ಯಾರ ಕೈಗೆ ಹೋದ್ರೂ ಓದ್ತಾರಲ್ಲೋ," ಎಂದಳು ವಾಪಸು ಬಂದು. "ಕಾರ್ಡು ಅದು. ಮುಚ್ಚಿದ್ದೂ ಅಲ್ಲ."

"ಫೋನ್ ಮಾಡು."

"ನಂಬರಿಲ್ಲ."

"ಅಕ್ಕನ ಮಗಳಿಗೆ?"

"ಅವಳ ಹೆಸರೂ ಗೊತ್ತಿಲ್ಲ. ಬೆಕ್ಕಿನ ಹೆಸರು ಗೊತ್ತು."

ಕಾರ್ಡು ಮೊದಲು ತಲುಪಿದರೆ ಶನಿವಾರ ರೈಲಿನಿಂದ ಯಾರೂ ಇಳಿಯುವುದಿಲ್ಲ. ಒಂಬತ್ತು ವರ್ಷಕ್ಕೆ ಅದೇ ಕೊನೆ. ಇರ್ಮಾ ಆ ವಾರವೆಲ್ಲ ಬರುವವಳಿಗಾಗಿ ಹಾಸಿಗೆ ಹೊದಿಕೆ ತೊಳೆದಳು, ಸಕ್ಕರೆ ಸುರಿದು ರೂಬಾರ್ಬ್ ಪೈ ಬೇಯಿಸಿದಳು, ತಿನ್ನಲು ಅವಳು ಬಾರದೇ ಹೋದಾಳು ಎಂದು ಹೆದರಿದಳು.

ಶನಿವಾರ ರೈಲು ತಡವಾಯಿತು. ಇಳಿದವರು ಮೂವರು: ಒಬ್ಬ ಸೈನಿಕ, ಒಬ್ಬ ತಾಯಿ ಮಗುವಿನ ಜೊತೆ. ಬಾಗಿಲು ಮುಚ್ಚುವ ಹೊತ್ತಿಗೆ ಹಿಂದಿನ ಬೋಗಿಯಿಂದ ಒಂದು ಊರುಗೋಲು ಹೊರಬಂತು. ಅದರ ಹಿಂದೆ ಒಂದು ಮೂಗು. ಪೆನ್ಸಿಲ್ಲಿನಲ್ಲಿ ಬರೆದದ್ದಕ್ಕಿಂತ ದೊಡ್ಡದು, ಆದರೆ ಅದೇ ಮೂಗು.

"ಇರ್ಮಾ ಅಂದ್ರೆ ನೀವೇ ಅಲ್ವಾ?" ಎಂದಳು ಮುದುಕಿ, ಹತ್ತು ಹೆಜ್ಜೆ ದೂರದಲ್ಲೇ ನಿಂತು.

"ಹೌದು. ನೀವು..."

ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು. ಡೆಲ್ಫೀನಳ ಒಂದು ಕೈ ಕೈಚೀಲದೊಳಗೆ ಹೋಗಿ ಅಲ್ಲೇ ಇತ್ತು. ಅದೇನು ಹಿಡಿದುಕೊಂಡಿದ್ದಾಳೆ ಎಂದು ಇರ್ಮಾಳ ಹಳೆಯ ಬುದ್ಧಿ ಕೇಳಿತು.

"ಬೆಕ್ಕು ಹೇಗಿದೆ?" ಎಂದಳು ಇರ್ಮಾ.

"ಹಂಟರ್ರಾ? ಪಕ್ಕದ ಮನೇಲಿ ಬಿಟ್ಟು ಬಂದೆ. ನಿಮ್ಮ ಲೈಲಾಕ್?"

"ಉದುರಿಹೋಯ್ತು. ನಿನಗೆ ಅಂತ ಒಂದು ಗೊಂಚಲು ಒಣಗಿಸಿಟ್ಟಿದೀನಿ."

ಆ 'ನಿನಗೆ' ಬಾಯಿಂದ ಜಾರಿದ ಮೇಲೆ ದಾರಿ ಸಲೀಸಾಯಿತು. ಕಾರಿನಲ್ಲಿ ಇಬ್ಬರ ಮಾತಿನ ನಡುವೆ ವೆಂಡೆಲ್‌ಗೆ ಗಂಟಲು ಸರಿಮಾಡಿಕೊಳ್ಳಲೂ ಸಂದು ಸಿಗಲಿಲ್ಲ. ಮನೆ ಹೊಕ್ಕ ಡೆಲ್ಫೀನ್ ಅಡುಗೆಮನೆಯ ಗೋಡೆಯ ಮೇಲೆ ಏನನ್ನೋ ಹುಡುಕುವವಳ ಹಾಗೆ ನೋಡಿದಳು.

"ಒಳಪದರ ನೋಡಿದ್ಯಾ? ಸುತ್ತುಕಟ್ಟಲ್ಲಿ ನಿನ್ನ ಊರಿನ ಹೆಸರು ಕಂಡು ಕೂಗಿಬಿಟ್ಟೆ. ಎಲ್ಲೆಲ್ಲಿ ಸುತ್ಕೊಂಡು ಬಂತೋ! ಲಕೋಟೆ ಬೆಳಕಿಗೆ ಹಿಡೀತೀನಿ ಅಂತ ನೀನೇ ಬರ್ದಿದ್ಯಲ್ಲ. ಅದಕ್ಕೇ ಬಚ್ಚಿಟ್ಟೆ. ನಿನಗೆ ಮಜಾ ಬರ್ಲಿ ಅಂತ."

ಇರ್ಮಾ ಪೈ ಕೊಯ್ಯುವ ನೆಪದಲ್ಲಿ ಬೆನ್ನು ತಿರುಗಿಸಿದಳು. "ನೋಡಿದೆ," ಎಂದಳು.

ಎರಡು ದಿನ ಅವಳು ಕಾರ್ಡಿನ ವಿಷಯ ಬಾಯಿ ಬಿಡಲಿಲ್ಲ. ಮೇಜಿನ ತುಂಬ ಕಾಗದ ಹರಡಿಕೊಂಡು ಇಬ್ಬರೂ ಕತ್ತರಿಸಿದರು, ಅಂಟಿಸಿದರು, ಒಬ್ಬರ ಗೋಂದನ್ನು ಇನ್ನೊಬ್ಬರು ಬೈದರು. ಪ್ರತಿ ಸಲ ಡೆಲ್ಫೀನ್ ನಕ್ಕಾಗಲೂ ಇರ್ಮಾಳಿಗೆ ಆರೆಗಾನಿನ ಒಂದು ಬಾಗಿಲ ಹಿಂದೆ ನೆಲದ ಮೇಲೆ ಬಿದ್ದಿರುವ ನೀಲಿ ಈಜುಕೊಳ ಕಾಣುತ್ತಿತ್ತು. ಸುಮ್ಮನಿದ್ದರೆ ನಾಲ್ಕು ದಿನವೂ ಸುಖವಾಗಿ ಕಳೆಯುತ್ತದೆ. ಆಮೇಲೆ ಇವಳು ಊರುಗೋಲೂರಿಕೊಂಡು ಮನೆಗೆ ಹೋಗಿ, ಒಬ್ಬಳೇ ಬಗ್ಗಿ, ಅದನ್ನು ಎತ್ತಿ ಓದುತ್ತಾಳೆ. ಎದುರಿಗೆ ಬೈಸಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ಇರ್ಮಾ ಕತ್ತರಿ ಕೆಳಗಿಟ್ಟಳು.

"ನಿನ್ನ ಮನೇಲಿ ನನ್ನದೊಂದು ಕಾರ್ಡ್ ಬಂದು ಬಿದ್ದಿದೆ ಡೆಲ್ಫೀನ್. ಬರಬೇಡ ಅಂತ ಬರ್ದಿದೀನಿ. ನೀನು ಯಾರೋ ಗೊತ್ತಿಲ್ಲ ಅಂತ್ಲೂ. ಆ ಕ್ಯಾಲೆಂಡರ್ ನೋಡಿ ನೀನು ಮೋಸಗಾತಿ ಅಂದ್ಕೊಂಡೆ."

ಡೆಲ್ಫೀನಳ ಕತ್ತರಿಯೂ ನಿಂತಿತು. ಪಕ್ಕದ ಕೋಣೆಯಲ್ಲಿ ವೆಂಡೆಲ್ ಟೀವಿಯ ದನಿ ತಗ್ಗಿಸಿದ.

"ಎಂಥಾ ಕಾರ್ಡು?" ಎಂದಳು ಡೆಲ್ಫೀನ್ ಕೊನೆಗೆ.

"ಹಾಗಂದ್ರೆ?"

"ಕೈಯಲ್ಲಿ ಮಾಡಿದ್ದಾ, ಅಚ್ಚಿಂದಾ?"

"ಅಚ್ಚಿಂದು. ಮೋಟೆಲ್‌ನವ್ರು ಕೊಟ್ಟಿದ್ದು."

"ಒಂದು ಹೂವೂ ಅಂಟಿಸ್ಲಿಲ್ವಾ?"

"ಇಲ್ಲ."

"ಅಂಚಿಗೆ ಒಂದು ಗೆರೆ?"

"ಏನೂ ಇಲ್ಲ."

ಡೆಲ್ಫೀನ್ ನಿಟ್ಟುಸಿರುಬಿಟ್ಟಳು. "ಮೋಸಗಾತಿ ಅಂದಿದ್ದನ್ನಾದ್ರೂ ಮರೀಬಹುದು," ಎಂದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಆಗ ಡೆಲ್ಫೀನ್ ಕೈಚೀಲ ಎಳೆದುಕೊಂಡು, ಒಳಗೆ ತಡಕಾಡಿ, ಪೊಲೀಸರು ಊದುವಂಥ ಒಂದು ದೊಡ್ಡ ಸೀಟಿಯನ್ನು ಮೇಜಿನ ಮೇಲೆ ಇಟ್ಟಳು.

"ಅಕ್ಕನ ಮಗಳು ಕೊಟ್ಟಿದ್ದು, ನೀನೂ ಯಾರೋ ಏನೋ ಅಂತ. ದಿನಾ ಸಂಜೆ ಫೋನ್ ಮಾಡ್ತಾಳೆ, ನೋಡಿಲ್ವಾ? 'ಬೆಕ್ಕಿಗೆ ಹುಷಾರಿಲ್ಲ' ಅಂತ ನಾನಂದ್ರೆ ಅವಳು ಪೊಲೀಸರಿಗೆ ಹೇಳ್ಬೇಕು ಅಂತ ಮಾತಾಗಿದೆ. ನಿಲ್ದಾಣದಲ್ಲಿ ನೀನು ಬೆಕ್ಕು ಹೇಗಿದೆ ಅಂದಾಗ ಜೀವ ಹೋಗಿತ್ತು ನಂಗೆ."

ಪಕ್ಕದ ಕೋಣೆಯಲ್ಲಿ ವೆಂಡೆಲ್ ಮೊದಲು ನಕ್ಕ. ಆಮೇಲೆ ಇಬ್ಬರೂ ನಕ್ಕರು; ಕ್ಯಾಲೆಂಡರಿನ ಅಂಕಿಗಳು ವೆಂಡೆಲ್‌ನ ತೂಕ ಎಂದು ಇರ್ಮಾ ಹೇಳಿದಾಗ ಇನ್ನೂ ನಕ್ಕರು. ಆದರೂ ಆ ರಾತ್ರಿ ಊಟದ ಹೊತ್ತಿನವರೆಗೆ ಡೆಲ್ಫೀನ್ ಸ್ವಲ್ಪ ಕಡಿಮೆಯೇ ಮಾತಾಡಿದಳು. ಇರ್ಮಾ ಅದನ್ನು ಗಮನಿಸಿ, ಸಲ್ಲಬೇಕಾದ್ದೇ ಎಂದುಕೊಂಡಳು.

ಡೆಲ್ಫೀನ್ ಹೋದ ಮೇಲೆ ಎರಡು ವಾರ ಕಾಗದವಿಲ್ಲ. ಮೂರನೆಯ ವಾರವೂ ಇಲ್ಲ. ಇರ್ಮಾ ದಿನಕ್ಕೆರಡು ಸಲ ಅಂಚೆಪೆಟ್ಟಿಗೆ ತೆರೆದು ನೋಡುವಳು, ಕೈ ಹಾಕಿ ಮೂಲೆಯನ್ನೂ ಸವರುವಳು. ನಾಲ್ಕನೆಯ ವಾರ ಬಂತು. ಲೈಲಾಕ್ ಹೂವಿನ ಬಣ್ಣದ ಕಾಗದ, ಅಂಚಿಗೆ ದಾರದ ಹೊಲಿಗೆ, ಮೂಲೆಯಲ್ಲಿ ಅವಳೇ ಒಣಗಿಸಿ ಕೊಟ್ಟ ಗೊಂಚಲು.

ಅವಳು ಪಾತ್ರೆಯನ್ನೂ ತೊಳೆಯಲಿಲ್ಲ, ಕೈಯನ್ನೂ ಒರೆಸಲಿಲ್ಲ. ನೇರ ಕಿಟಕಿಗೆ ಹೋಗಿ ಬೆಳಕಿಗೆ ಹಿಡಿದಳು. ಒಳಪದರದಲ್ಲಿ ನೀಲಿ ಈಜುಕೊಳ. ಅದರ ಹಿಂದಿನಿಂದ ತಿರುವುಮುರುವಾಗಿ ಅವಳದೇ ಅಕ್ಷರ: 'ಬರಬೇಡ.' ಅದರ ಕೆಳಗೆ ಪೆನ್ಸಿಲ್ಲಿನಲ್ಲಿ 'ಹೋಗುವ ಮುಂಚೆ', 'ಬಂದ ಮೇಲೆ' ಎಂದು ಎರಡು ತೂಕದ ಅಂಕಿ, ಎರಡನೆಯದು ಮೊದಲಿನದಕ್ಕಿಂತ ಏಳು ಪೌಂಡು ಹೆಚ್ಚು.

"ಏನಂತೆ?" ಎಂದ ವೆಂಡೆಲ್ ಕುರ್ಚಿಯಿಂದಲೇ.

"ರೂಬಾರ್ಬ್ ಪೈ ಅಂತೆ," ಎಂದಳು ಇರ್ಮಾ. ಆಮೇಲೆ ಕುರ್ಚಿ ಎಳೆದುಕೊಂಡು, ಕಾಫಿ ಬಗ್ಗಿಸಿಕೊಂಡು, ಲಕೋಟೆಯನ್ನು ನಿಧಾನವಾಗಿ ಒಡೆದಳು.