ಹಿಮದ ಸ್ಥಿತಿ ಹೇಳುತ್ತಿದ್ದ ಬುರ್ಗಿ

"ಹಿಮ ಹೇಗಿದೆ?" ಎಂದು ಫೋನಿನಲ್ಲಿ ಕೇಳಿದವರಿಗೆ ನೋಟ್‌ಬುರ್ಗಾ ಎಂದೂ ನೇರವಾಗಿ ಉತ್ತರ ಕೊಟ್ಟವಳಲ್ಲ, "ವಯಸ್ಸೆಷ್ಟು, ಮಂಡಿ ಹೇಗಿದೆ, ಜೊತೆಗೆ ಯಾರು ಬರ್ತಾರೆ?" ಎಂದು ಮೊದಲು ವಿಚಾರಿಸುವವಳು. ನಮ್ಮ ಟಿರೋಲ್ ಕಣಿವೆಯ ಪ್ರವಾಸಿ ಕಚೇರಿಯಲ್ಲಿ ಇಪ್ಪತ್ತಾರು ಚಳಿಗಾಲ ಆ ಫೋನಿನ ಮುಂದೆ ಕೂತ ಅವಳನ್ನು ಊರೆಲ್ಲ ಬುರ್ಗಿ ಎನ್ನುತ್ತಿತ್ತು. ವಿಯೆನ್ನಾದ ಯಾವನೋ ದೊಡ್ಡ ಅಧಿಕಾರಿ, ತಾನು ಮೂವತ್ತು ವರ್ಷದಿಂದ ಹಿಮದ ಇಳಿಜಾರಿನಲ್ಲಿ ಸ್ಕೀ ಮಾಡುತ್ತಿರುವವನೆಂದು ಗದರಿಕೊಂಡಾಗ, "ಸಂತೋಷ ಸ್ವಾಮಿ. ಮೂವತ್ತು ವರ್ಷದ ಹಿಂದಿನ ಮಂಡಿ ತರ್ತೀರೋ, ಈಗಿರೋದನ್ನೋ?" ಎಂದು ಅವಳು ಸಾವಧಾನವಾಗಿ ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಮೈಗೆ ಎರಡಳತೆ ದೊಡ್ಡದಾದ ಹಸಿರು ಉಣ್ಣೆಯ ಕೋಟು; ಸಮತಟ್ಟಾದ ಬೀದಿಯಲ್ಲೂ ಇಳಿಜಾರು ಇಳಿಯುವವಳಂತೆ ಪಾದಗಳನ್ನು ಹೊರಕ್ಕೆ ತಿರುಗಿಸಿ, ಹಿಮ್ಮಡಿಯೂರಿ ನಡೆಯುವ ಗತಿ. ಬೆಳಗಿನ ಆರೂವರೆಗೆ ಸ್ಕೀ ಮಾಡುವವರನ್ನು ಬೆಟ್ಟಕ್ಕೊಯ್ಯುವ ಲಿಫ್ಟಿನ ಕೆಲಸಗಾರರೊಂದಿಗೆ ಮೇಲೇರಿ, ಮೂರು ಕಡೆ ಬರಿಗೈಯನ್ನು ಹಿಮದೊಳಕ್ಕೆ ತುರುಕಿ ಹಿಂಡಿ ನೋಡಿ, ಒಂದು ಹಿಡಿಯನ್ನು ಬಲಜೇಬಿಗೆ ಹಾಕಿಕೊಂಡು ಬಂದು, ಮೇಜಿನ ಮೇಲೆ ಬಸಿಯಲ್ಲಿಟ್ಟು, ಅದು ಕುಸಿಯುವ ಪರಿಯನ್ನು ಗಮನಿಸುತ್ತಲೇ ಫೋನೆತ್ತುತ್ತಿದ್ದಳು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಆ ಜೇಬು ಒಣಗಿದ್ದನ್ನು ಕಂಡವರಿಲ್ಲ. "ಚೆನ್ನಾಗಿದೆ ಬನ್ನಿ ಅಂದ್ರೆ ಮುಗೀತಲ್ಲ, ಇಷ್ಟೆಲ್ಲ ಯಾಕೆ?" ಎಂದು ನಾನೊಮ್ಮೆ ಚುಡಾಯಿಸಿದ್ದುಂಟು.

"ನಿನಗೇನು ವೆಂಡೆಲ್, ಚಳಿಗಾಲ ಪೂರ್ತಿ ಇದೆ. ಅವರಿಗೆ ವರ್ಷಕ್ಕೆ ಒಂದೇ ವಾರ," ಎಂದಳು.

ನಾನು ಇಲ್ಲಿ ಇಪ್ಪತ್ತೆರಡು ಕೋಣೆಗಳ ವಸತಿಗೃಹ ನಡೆಸುವವನು. ಒಳ್ಳೆಯ ಮನುಷ್ಯನೇ ಇರಬೇಕು, ಕೋಣೆಗಳು ತುಂಬಿರುವ ತನಕ. ಬುರ್ಗಿಯ ಇಪ್ಪತ್ತಾರನೆಯ ಚಳಿಗಾಲದ ಜನವರಿಯಲ್ಲಿ ತೆಂಕಣದಿಂದ ಬೆಚ್ಚನೆಯ ಗಾಳಿ ನುಗ್ಗಿ, ಹಿಮದ ಮೇಲೆ ಎರಡು ದಿನ ಮಳೆ ಹೊಯ್ದು, ಮೂರನೆಯ ದಿನ ಎಲ್ಲವೂ ಹೆಪ್ಪುಗಟ್ಟಿ, ಇಳಿಜಾರುಗಳು ಗಾಜಿನಂತಾದವು. ಮೇಲೆ ಯಂತ್ರದಿಂದ ಊದಿದ ಹಿಮ ನೋಟಕ್ಕೆ ಬೆಳ್ಳಗಿತ್ತು, ಅಷ್ಟೆ. ಹಾಲೆಂಡಿನ ಅಂಚೆ ನೌಕರರು ನಲವತ್ತು ಮಂದಿ, ಅರ್ಧದಷ್ಟು ಜನ ಸ್ಕೀಯನ್ನೇ ಕಟ್ಟಿ ಅರಿಯದವರು, ನನ್ನಲ್ಲಿಗೆ ಬರುವವರಿದ್ದರು. ಅವರ ಮುಂದಾಳು ಕಚೇರಿಗೆ ಫೋನ್ ಮಾಡಿದ. ಬುರ್ಗಿ, "ಈ ವಾರ ಬೇಡ" ಎಂದಳು. ಒಂದೇ ಮಾತಿಗೆ ನನ್ನ ಮನೆ ಖಾಲಿ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರಲ್ಲ, ಆ ಕೆಂಡವನ್ನು ನಾನು ಒಂದು ವಾರ ಮಡಿಲಲ್ಲಿ ಕಟ್ಟಿಕೊಂಡು ತಿರುಗಿದೆ.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಊರಿನ ವಸತಿಗೃಹಗಳ ಮಾಲೀಕರ ಸಭೆ ಸೇರಿತು. ಬುರ್ಗಿಯನ್ನು ಫೋನಿನಿಂದ ಬಿಡಿಸಿ, ಅಲ್ಲೊಂದು ಧ್ವನಿಮುದ್ರಿತ ಟೇಪ್ ಇಡುವುದೆಂದು ಅಧ್ಯಕ್ಷ ಸೆವೆರಿನ್ ಸೂಚಿಸಿದ. ತಮಾಷೆಯೋ ದುರ್ದೈವವೋ, ಸಭೆಯ ನಡಾವಳಿ ಬರೆಯುವ ಕೆಲಸ ಮೊದಲಿನಿಂದಲೂ ಅವಳದ್ದೇ. ತನ್ನ ವಿರುದ್ಧ ಎದ್ದ ಕೈಗಳನ್ನು ಪೆನ್ಸಿಲ್ ತುದಿಯಿಂದ ಒಂದೊಂದಾಗಿ ಎಣಿಸುತ್ತ ಬಂದವಳು ನನ್ನ ಬಳಿ ತಡೆದಳು.

"ವೆಂಡೆಲ್, ಕೈ ಎತ್ತಿದ್ದೀಯೋ, ಕಿವಿ ತುರಿಸ್ಕೋತಿದ್ದೀಯೋ? ಸರಿಯಾಗಿ ಬರ್ಕೋಬೇಕು."

ಜನ ನಕ್ಕರು. ನಾನು ಕೈಯನ್ನು ಇನ್ನೂ ಒಂದು ಗೇಣು ಮೇಲಕ್ಕೆತ್ತಿದೆ. ಅವಳು ಬರೆದುಕೊಂಡಳು, ಅಕ್ಷರ ಸ್ವಲ್ಪವೂ ಅಲುಗಲಿಲ್ಲ. ಮರುದಿನದಿಂದ ಫೋನಿನಲ್ಲಿ ಯಾವುದೋ ಎಳೆಯ ಹೆಣ್ಣುದನಿ, ಹಿಮದ ಸ್ಥಿತಿ ಅತ್ಯುತ್ತಮವೆಂದು ಹಗಲಿರುಳು ಉಲಿಯತೊಡಗಿತು.

ಹದಿನೈದು ದಿನ ಕಳೆದಿರಬೇಕು, ಲಿಂಜ್‌ನಿಂದ ನನ್ನ ಅಕ್ಕ ಆಫ್ರಾ ಕರೆದಳು. ಸೊಂಟದ ಶಸ್ತ್ರಚಿಕಿತ್ಸೆಯಾಗಿ ವರ್ಷವಾಗಿತ್ತು, ಮತ್ತೆ ಸ್ಕೀ ಮಾಡಲು ವೈದ್ಯರು ಒಪ್ಪಿದ್ದರು. "ಟೇಪ್‌ನಲ್ಲಿ ಅತ್ಯುತ್ತಮ ಅಂತಿದೆ ಕಣೋ. ನಿಜಾನಾ?" ಎಂದಳು. ಇಳಿಜಾರಿನ ಬುಡದಲ್ಲೇ ಹುಟ್ಟಿ ಬೆಳೆದವನು ನಾನು. ಕಿಟಕಿ ತೆರೆದರೆ ಅದೇ ಕಾಣುತ್ತದೆ. ಆದರೂ "ಆಮೇಲೆ ಹೇಳ್ತೀನಿ" ಎಂದು ಫೋನಿಟ್ಟು, ಬುರ್ಗಿಯ ಮನೆಗೆ ಹೋದೆ. ನಾಚಿಕೆಯಾಗಲಿಲ್ಲವೆಂದರೆ ಸುಳ್ಳಾದೀತು.

ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ವಿಷಯ ಕೇಳಿ, "ಟೇಪ್ ಇದೆಯಲ್ಲ," ಎಂದಳು. ಇನ್ನೊಂದು ಆಲೂಗಡ್ಡೆ ಸುಲಿದಿಟ್ಟು ತಾನೇ ಹೇಳಿದಳು: "ಬೆಳಗ್ಗೆ ಹೋಗಿ ನೋಡಿ ಬಂದೆ. ಮೇಲೆ ಗೇಣು ಹೊಸ ಹಿಮ, ಅಡಿಯಲ್ಲಿ ಅದೇ ಮಂಜುಗಡ್ಡೆ. ಮೇಲಿನದು ಮೋಸ. ಆಫ್ರಾಗೆ ಈ ವಾರ ಬೇಡ."

"ಈಗಲೂ ಹೋಗ್ತೀಯಾ? ಕೇಳೋರೇ ಇಲ್ವಲ್ಲ, ಬುರ್ಗಿ."

"ನೀನು ಕೇಳಿದೆಯಲ್ಲ."

ಮನೆಗೆ ಬಂದು ಅಕ್ಕನಿಗೆ, "ಈ ವಾರ ಬೇಡ" ಎಂದೆ. ಅದೇ ಮಧ್ಯಾಹ್ನ ಟೇಪ್ ನಂಬಿ ಬಂದಿಳಿದ ಎಂಟು ಮಂದಿಯ ಪೆಟ್ಟಿಗೆಗಳನ್ನು ನಾನೇ ಮೇಲಕ್ಕೆ ಹೊತ್ತೆ, "ಹಿಮ ಹೇಗಿದೆ?" ಎಂದು ಅವರಲ್ಲೊಬ್ಬಾಕೆ ಕೇಳಿದಾಗ, "ಅತ್ಯುತ್ತಮ" ಎಂದೆ.

ಬುರ್ಗಿಯಂಥವರನ್ನು ಒರಟರೆಂದೂ ಮೊಂಡರೆಂದೂ ವ್ಯಾಪಾರದ ಹದವರಿಯದವರೆಂದೂ ನಾವು ಕರೆಯುವುದುಂಟು. ನಾವೇನೂ ಸುಳ್ಳರಲ್ಲ; ನಮಗೂ ಸತ್ಯ ಗೊತ್ತು, ಸಂದರ್ಭ ಬಂದರೆ ಹೇಳುತ್ತೇವೆ. ಅಂತರ ಇಷ್ಟೇ: ಅವರಿಗೆ ಫೋನಿನ ಆ ತುದಿಯಲ್ಲಿ ಕೇಳುವವರೆಲ್ಲ ಒಡಹುಟ್ಟಿದವರು, ನಮಗೆ, ನಿಜಕ್ಕೂ ಒಡಹುಟ್ಟಿದವರು ಮಾತ್ರ.