ಕಾಯತಾನನ ಪ್ಲಗ್ಗು ಹಾರಿದ ಶನಿವಾರ

ಕಾಯತಾನ್ ಬೈಕು ತಳ್ಳಿಕೊಂಡು ನನ್ನ ಗ್ಯಾರೇಜಿಗೆ ಬಂದಾಗ ಬೆಳಿಗ್ಗೆ ಎಂಟು ಗಂಟೆ. ಇಂಜಿನ್ನಿಂದ ಹಾರಿಹೋದ ಸ್ಪಾರ್ಕ್ ಪ್ಲಗ್ಗನ್ನು ಬಿಸಿಬಿಸಿಯಾಗಿಯೇ ಅಂಗಿ ಜೇಬಿಗೆ ಹಾಕಿಕೊಂಡಿದ್ದನಂತೆ. ಜೇಬು ಸುಟ್ಟು ತೂತಾಗಿತ್ತು.

"ಪುಂಡಲೀಕಬಾಬ, ಇಗರ್ಜಿಯ ಶಿಲುಬೆ ಮುಂದೆ ಢಂ ಅಂತ ಹಾರ್ತು. ಟೀಚರ್ ಹಿಂದೆ ಕೂತಿದ್ರು!"

"ಅವರಿಗೇನೂ ಆಗಿಲ್ಲ ತಾನೆ?"

"ಇಳಿದು, ಕೊಡೆ ಬಿಚ್ಚಿ, ನಡಕೊಂಡೇ ಶಾಲೆಗೆ ಹೋದ್ರು. ನನ್ನ ಕಥೆ ಮುಗೀತು."

ಮಡಗಾಂವ್ ಮಾರ್ಕೆಟ್ ಸ್ಟ್ಯಾಂಡಿನಲ್ಲಿ ಇವನು ಇಪ್ಪತ್ತು ವರ್ಷದಿಂದ ಪೈಲಟ್. ಹಳದಿ ಮಡ್‌ಗಾರ್ಡಿನ ಬೈಕಿನಲ್ಲಿ ಜನರನ್ನು ಹಿಂದೆ ಕೂರಿಸಿಕೊಂಡು ಬಿಟ್ಟುಬರುವುದೇ ಕಸುಬು. ವಯಸ್ಸು ಐವತ್ತೆರಡು, ಮದುವೆಯಿಲ್ಲ. ಎರ್ಮೆಲಿಂದಾ ಟೀಚರಿಗೂ ಇಲ್ಲ. ಹನ್ನೊಂದು ವರ್ಷದಿಂದ ಆಕೆಯನ್ನು ಶಾಲೆಗೆ ಬಿಡುವವನು, ಕರೆತರುವವನು ಇವನೇ. ಇವನಿಗೆ ಆಕೆಯ ಮೇಲೆ ಜೀವ ಅಂತ ಮಾರ್ಕೆಟ್ಟಿನ ಮೀನು ಮಾರುವ ಹೆಂಗಸರಿಗೂ ಗೊತ್ತು. ಆಕೆಯೊಬ್ಬಳಿಗೆ ಮಾತ್ರ ಹೇಳಿಲ್ಲ, ದಡ್ಡ ಶಿಖಾಮಣಿ!

ಟಾರ್ಚು ಬಿಟ್ಟು ನೋಡಿದೆ. ಪ್ಲಗ್ಗು ಕೂರುವ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಥ್ರೆಡ್ಡು, ಅಂದರೆ ತಿರುಪಿನ ಗೆರೆ, ಒಂದೂ ಉಳಿದಿರಲಿಲ್ಲ, ತೂತು ನುಣ್ಣಗಾಗಿತ್ತು.

"ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ಹಾಕಿ, ಒಳಗೆ ಉಕ್ಕಿನ ಸುರುಳಿ ಕೂರಿಸ್ಬೇಕು. ಸಂಜೆ ಬಾ."

"ಸಂಜೆನಾ? ಹನ್ನೆರಡೂವರೆಗೆ ಶಾಲೆ ಬಿಡುತ್ತೆ! ನಮ್ಮ ಸ್ಟ್ಯಾಂಡಿನ ಜೊಕ್ವಿಂ ಈಗಲೇ ಗೇಟಿನ ಹತ್ರ ಹೋಗಿ ನಿಂತಿರ್ತಾನೆ. ಹೊಸ ಗಾಡಿ, ಮೆತ್ತನೆ ಸೀಟು."

ಅವನ ಭಯ ಸುಳ್ಳಲ್ಲ. ಕಾಯಂ ಗಿರಾಕಿಯನ್ನು ಸ್ಟ್ಯಾಂಡಿನಲ್ಲಿ ಬೇರೆಯವರು ಮುಟ್ಟುವುದಿಲ್ಲ. ಆದರೆ ಗಾಡಿ ಕೈಕೊಟ್ಟ ದಿನ ಗಿರಾಕಿ ಇನ್ನೊಬ್ಬನ ಹಿಂದೆ ಕೂತರೆ, ಅಲ್ಲಿಂದ ಮುಂದೆ ಅವನ ಪಾಲು. ಅದು ಅವರ ಕಟ್ಟಳೆ.

ಬೇರೆ ಕೆಲಸ ಬದಿಗಿಟ್ಟೆ. ಪಿಸ್ಟನ್ ಕೆಳಗಿಳಿಸಿ, ಥ್ರೆಡ್ಡು ಕೊರೆಯುವ ಟ್ಯಾಪಿಗೆ ಗ್ರೀಸು ಮೆತ್ತಿ ಶುರುಮಾಡಿದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆಮೇಲೆ ಹೊರಗೆ ತೆಗೆದು, ಗ್ರೀಸಿಗೆ ಅಂಟಿದ ಚೂರುಗಳನ್ನು ಒರೆಸಿ, ಮತ್ತೆ ಹೊಸ ಗ್ರೀಸು. ಒಂದು ಚೂರು ಒಳಗೆ ಬಿದ್ದರೂ ಸಿಲಿಂಡರ್ ಗೀಚಿಹೋಗುತ್ತದೆ.

"ಬೇಗ ತಿರುಗಿಸು ಬಾಬ!"

"ತಲೆ ತಿನ್ಬೇಡ. ಇದೇನು ಒರಳಲ್ಲಿ ರುಬ್ಬೋ ಮಸಾಲೆನಾ? ಮೊದಲು ಹೇಳು, ಥ್ರೆಡ್ ಸವೆಯೋ ಹಾಗೆ ಪ್ಲಗ್ ಬಿಗಿ ಮಾಡಿದ ಕತ್ತೆ ಯಾರು?"

ಕಾಯತಾನ್ ಚಪ್ಪಲಿ ನೋಡಿಕೊಂಡ. "ನಾನೇ. ಟೀಚರ್ ಕೂತಾಗ ಒಂದು ದಿನ ಇಂಜಿನ್ ಕೆಮ್ಮಿತ್ತು. ಅವರು ಬೆಚ್ಚಿಬಿದ್ರು. ಅವತ್ತಿಂದ ದಿನಾ ಬೆಳಿಗ್ಗೆ, ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜೋರಾಗಿ ಬಿಗಿದು..."

"ದಿನಾನಾ?"

"ಭಾನುವಾರ ಬಿಟ್ಟು."

ನನಗೆ ನಗಬೇಕೋ ಟ್ಯಾಪಿನಿಂದಲೇ ಹೊಡೆಯಬೇಕೋ ತಿಳಿಯಲಿಲ್ಲ. "ಅಯ್ಯೋ ಪುಣ್ಯಾತ್ಮ! ಆಡಬೇಕಾದ ಮಾತು ಆಡೋದು ಬಿಟ್ಟು ಪ್ಲಗ್ ಬಿಗಿದ್ಯಾ? ಮಾಡಿದ್ದುಣ್ಣೋ ಮಹರಾಯ!"

ಸುರುಳಿ ಅಡ್ಡಡ್ಡ ಹೋಯಿತು, ತೆಗೆದು ಮತ್ತೆ ಹಾಕಬೇಕಾಯಿತು. ಇಗರ್ಜಿಯ ಗಂಟೆ ಹನ್ನೆರಡು ಹೊಡೆಯಿತು. ಹನ್ನೆರಡೂವರೆಯೂ ಆಯಿತು. ಕಾಯತಾನ್ ಟಯರಿನ ಮೇಲೆ ಕೂತು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ನನಗೂ ಪಾಪ ಅನ್ನಿಸಿತು, ಆದರೆ ಕೈ ಅವಸರ ಮಾಡಲಿಲ್ಲ.

ಒಂದಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲಲ್ಲಿ ಕೊಡೆ ಮಡಚುವ ಸದ್ದಾಯಿತು. ಟೀಚರ್! ಮುಖವೆಲ್ಲ ಬೆವರು.

"ಜೊಕ್ವಿಂ ಸಿಗ್ಲಿಲ್ವಾ ಟೀಚರ್?" ಅಂದೆ.

"ಸಿಕ್ಕಿದ. ಸೀಟು ಒರೆಸಿಕೊಂಡು ನಿಂತಿದ್ದ. ಬೇಡ ಅಂದೆ. ಇದು ಯಾಕೆ ಹೀಗಾಯ್ತು?"

ಕಾಯತಾನ್ ಬೇಡ ಬೇಡ ಅಂತ ಕಣ್ಸನ್ನೆ ಮಾಡಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನೀವು ಬೆಚ್ಚಿಬೀಳಬಾರ್ದು ಅಂತ ದಿನಾ ಪ್ಲಗ್ ಬಿಗಿದು ಬಿಗಿದು ಥ್ರೆಡ್ ತಿಂದುಹಾಕಿದ್ದಾನೆ. ನೀವು ಬೇರೆ ಗಾಡಿ ಹತ್ತಿದ್ರೆ ಸತ್ತೇಹೋಗ್ತಾನಂತೆ."

ಆಕೆ ಕೊಡೆಯನ್ನು ಬದಿಗಿಟ್ಟು ಕಾಯತಾನನ ಕಡೆ ತಿರುಗಿದಳು.

"ನಮ್ಮನೆ ಮುಂದಿಂದ ಶಾಲೆ ಬಾಗಿಲಿಗೇ ಬಸ್ಸು ಹೋಗುತ್ತೆ," ಅಂದಳು.

"ಯಾವಾಗಿಂದ?" ಅಂದ ಕಾಯತಾನ್.

"ಒಂಬತ್ತು ವರ್ಷದಿಂದ. ಯಾವತ್ತಾದ್ರೂ ಹತ್ತಿದ್ದು ನೋಡಿದ್ಯಾ?"

ಅವನು ಎದ್ದುನಿಂತ. ಸುಟ್ಟ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ.

"ನಾಳೆ ಇಗರ್ಜಿ ಪೂಜೆ ಮುಗಿದ ಮೇಲೆ ಅಣ್ಣ ಮನೇಲೇ ಇರ್ತಾನೆ," ಅಂದಳು ಟೀಚರ್. "ಬಂದು ಮಾತಾಡು. ತೂತಿಲ್ಲದ ಅಂಗಿ ಹಾಕ್ಕೊಂಡು ಬಾ."